ಬಲವೂ ಬಿನ್ನಾಣವೂ



ಕಳೆದ ವರ್ಷ ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಒಂದು ಸಂಜೆ ಮನೆಗೆ ಬಂದು, ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕಡೆಗೆ ಒಂದು ಪ್ರಶ್ನೆಯನ್ನು ಕೇಳಿದನು. ಅವನು ಕುಸ್ತಿಯ ಮನೆತನದವನು. ತಾತಂದಿರು ಸಾಮು ಮಾಡಿದ ಗರಡಿಯಲ್ಲಿಯೇ ಅವನೂ ಮುಂಜಾನೆ ಮಟ್ಟಿಗೆ ಇಳಿಯುತ್ತಾನೆ. ಸಂಜೆಯ ಹೊತ್ತು ತನ್ನ ಬಡಾವಣೆಯ ವ್ಯಾಯಾಮಶಾಲೆಗೆ ಹೋಗಿ ಕಬ್ಬಿಣದ ಭಾರವನ್ನು ಎತ್ತುತ್ತಾನೆ. ಆ ವರ್ಷ ಪವರ್‌ಲಿಫ್ಟಿಂಗ್ ಸ್ಪರ್ಧೆಯೊಂದಕ್ಕೂ ಹೆಸರು ಕೊಟ್ಟಿದ್ದನು. ಈ ಸಂಗತಿ ಗರಡಿಯ ವಸ್ತಾದರ ಕಿವಿಗೆ ಬಿದ್ದಿತು. “ಕಬ್ಬಿಣ ಎತ್ತಿದ ಮೈ ಕಟ್ಟಿಗೆಯಾಗುತ್ತೆ ಕಣೋ. ಕಟ್ಟಿಗೆ ಬಗ್ಗೋದಿಲ್ಲ, ಮುರಿಯುತ್ತೆ. ನಿನಗೆ ಮಣ್ಣು ಬೇಕೊ, ಕಬ್ಬಿಣ ಬೇಕೊ, ಒಂದು ಹೇಳಿಬಿಡು” ಎಂದರಂತೆ. ಇತ್ತ ವ್ಯಾಯಾಮಶಾಲೆಯ ಶಿಕ್ಷಕನಾದರೋ, ದಂಡೆ ಬಸ್ಕಿಗಳೆಲ್ಲ ಹಳೆಯ ಕಾಲದ ಮಾತು, ಬಲವಿದ್ದವನು ಗೆಲ್ಲುತ್ತಾನೆ, ಅಷ್ಟೆ ಎಂದು ನಕ್ಕನಂತೆ. “ಮೇಷ್ಟ್ರೇ, ನೀವು ಚರಿತ್ರೆ ಓದಿದವರು. ಇವರಲ್ಲಿ ಯಾರ ಮಾತು ನಿಜ?” ಎಂಬುದು ಹುಡುಗನ ಪ್ರಶ್ನೆ. ಇಬ್ಬರು ಗುರುಗಳಲ್ಲಿ ಒಬ್ಬರನ್ನು ಬಿಡಬೇಕಾದ ಸಂಕಟ ಅವನ ಮುಖದಲ್ಲಿ ಕಾಣುತ್ತಿದ್ದಿತು. ಆ ದಿನ ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಅನಂತರ ಓದಿ ವಿಚಾರಿಸಿ ತಿಳಿದುದನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ.

ಹಳಗನ್ನಡ ನಡುಗನ್ನಡಗಳಲ್ಲಿ ‘ಬಿನ್ನಾಣ’ವೆಂಬ ಒಂದು ಮಾತುಂಟು. ಈಗ ಅದಕ್ಕೆ ವಯ್ಯಾರವೆಂಬ ಅರ್ಥವು ಮಾತ್ರ ಉಳಿದಂತಿದೆ. ಆದರೆ ಅದು ‘ವಿಜ್ಞಾನ’ ಶಬ್ದದ ತದ್ಭವ. ಕೌಶಲ, ಚಮತ್ಕಾರ, ಕೈಚಳಕ ಎಂಬುದೇ ಅದರ ಹಿಂದಿನ ಅರ್ಥ. ಮಲ್ಲನಿಗೆ ಬಲವೂ ಬೇಕು, ಬಿನ್ನಾಣವೂ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬಲವನ್ನು ಬೇರೆಯಾಗಿ, ಭಾರವನ್ನು ಎತ್ತಿ ಸಾಧಿಸಿದರೆ ಅದು ಬಿನ್ನಾಣವನ್ನು ಬೆಳೆಸುವುದೋ ಕೆಡಿಸುವುದೋ ಎಂಬುದೇ ಇಲ್ಲಿನ ವಾದ.

ಮೊದಲು ನಮ್ಮ ನೆಲದ ಸಾಕ್ಷ್ಯವನ್ನೇ ನೋಡೋಣ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ಬೆಳಗಿನ ಸಾಧನೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವುದಕ್ಕೆ ಮುಂಚೆ ರಾಯನು ಒಂದಿಷ್ಟು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ಹಚ್ಚಿಕೊಂಡು, ಸೊಂಟಕ್ಕೆ ಒಂದು ತುಂಡು ಬಟ್ಟೆಯನ್ನು ಸುತ್ತಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತುತ್ತಿದ್ದನು. ಆಮೇಲೆ ಕತ್ತಿಯನ್ನು ಹಿಡಿದು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ವರಸೆ ಮಾಡುತ್ತಿದ್ದನು. ಅದಾದ ಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ. ಕೊನೆಗೆ ಕುದುರೆಯನ್ನೇರಿ ಬಯಲಿನಲ್ಲಿ ಸವಾರಿ. ಇಷ್ಟೆಲ್ಲವೂ ಸೂರ್ಯೋದಯದೊಳಗೆ ಮುಗಿಯುತ್ತಿದ್ದಿತು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಭಾರವೆತ್ತುವುದು ರಾಯನ ಸಾಧನೆಯಲ್ಲಿ ಇದ್ದೇ ಇತ್ತು. ಆದರೆ ಅದು ಅಲ್ಲಿಗೇ ನಿಲ್ಲುತ್ತಿರಲಿಲ್ಲ; ಭಾರದಿಂದ ಕತ್ತಿಗೆ, ಕತ್ತಿಯಿಂದ ಕುಸ್ತಿಗೆ, ಕುಸ್ತಿಯಿಂದ ಕುದುರೆಗೆ ಸಾಗುತ್ತಿದ್ದಿತು. ಈ ಕ್ರಮವನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಪಾಯೆಸನಿಗಿಂತ ಸುಮಾರು ನಾಲ್ಕುನೂರು ವರ್ಷ ಹಿಂದೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಕಾಲ ಸುಮಾರು ೧೧೩೦. ಅದರಲ್ಲಿ ಮಲ್ಲವಿನೋದವೆಂಬ ಭಾಗವೊಂದಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ಅನುಸಾರವಾಗಿ ವಿಂಗಡಿಸಿ, ಅವರಿಗೆ ಅರಮನೆಯಿಂದ ಕೊಡತಕ್ಕ ಆಹಾರವನ್ನೂ ಅವರು ಮಾಡತಕ್ಕ ಶ್ರಮವನ್ನೂ ಅಲ್ಲಿ ಹೇಳಿದೆ. ಭಾರವನ್ನು ಎತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ತೋಳಿಗೆ ತೋಳು ಹಚ್ಚಿ ಸೆಣಸುವುದು ಬಾಹುಪೇಲನಶ್ರಮ, ಕಂಬದ ಮೇಲೆ ಮಾಡುವ ಸಾಧನೆ ಸ್ತಂಭಶ್ರಮ. ಭಾರವೆತ್ತುವಿಕೆಯು ಮಲ್ಲವಿದ್ಯೆಗೆ ಹೊರಗಿನಿಂದ ಬಂದ ಕಲಬೆರಕೆಯಲ್ಲ, ಅದರ ಹಳೆಯ ಅಂಗಗಳಲ್ಲಿ ಒಂದು ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ಆಧಾರ ಬೇಕಿಲ್ಲ. ಆದರೆ ಇಲ್ಲಿಯೂ ಅದು ಹಲವು ಶ್ರಮಗಳಲ್ಲಿ ಒಂದು ಮಾತ್ರ.

ಮೈಸೂರಿನ ಜಟ್ಟಿಗಳ ಹೆಸರನ್ನು ಕೇಳದವರಿಲ್ಲ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಎದುರಾಳಿಯ ತಲೆಯಿಂದ ಮೊದಲ ರಕ್ತಬಿಂದು ಚಿಮ್ಮಿದೊಡನೆ ಕಾಳಗವು ಮುಗಿಯುತ್ತದೆ. ಎಷ್ಟೋ ವೇಳೆ ಅದು ಕ್ಷಣಾರ್ಧದ ಕೆಲಸ. ಅಂಥ ವಿದ್ಯೆಯಲ್ಲಿ ಚಳಕವೇ ಪ್ರಧಾನವೆಂದು ತೋರುವುದು ಸಹಜ. ಹಾಗಿದ್ದರೂ ನಮ್ಮ ಗರಡಿಮನೆಗಳ ಒಳಹೊಕ್ಕು ನೋಡಿದರೆ ಗೋಡೆಯ ಬದಿಯಲ್ಲಿ ಗದೆ, ಮುದ್ಗರ, ಹಿಡಿಯುಳ್ಳ ಕಲ್ಲು, ಗುಂಡುಗಲ್ಲು ಇವು ಸಾಲಾಗಿ ಕಾಣುತ್ತವೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವ ಪಂದ್ಯವು ಇಂದಿಗೂ ಜನಪ್ರಿಯವಾಗಿದೆ. ನನ್ನ ವಿದ್ಯಾರ್ಥಿಯ ಗರಡಿಗೆ ನಾನೂ ಒಮ್ಮೆ ಹೋಗಿದ್ದೆನು. ಮೂಲೆಯಲ್ಲಿ, ಎಣ್ಣೆ ಜಿಡ್ಡು ಹಿಡಿದ ಒಂದು ಗುಂಡುಗಲ್ಲು ಬಿದ್ದಿದ್ದಿತು. ಯಾರೂ ಅದನ್ನು ಎತ್ತಿ ಬಹಳ ವರ್ಷವಾಯಿತೆಂದು ಹೇಳಿದರು.

ಹೀಗಿರಲಾಗಿ, ‘ಭಾರ ಎತ್ತಿದ ಮೈ ಕಟ್ಟಿಗೆಯಾಗುತ್ತದೆ’ ಎಂಬ ನಂಬಿಕೆಯು ಎಲ್ಲಿಂದ ಬಂದಿತು? ಇದು ನಮ್ಮಲ್ಲಿ ಮಾತ್ರ ಇದ್ದ ನಂಬಿಕೆಯಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಕ್ರೀಡಾಶಿಕ್ಷಕರಲ್ಲಿಯೂ ಇದು ಬಲವಾಗಿ ಬೇರೂರಿದ್ದಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ಭಾರವೆತ್ತುವುದು ಒಂದು ರಂಗಪ್ರದರ್ಶನವಾಯಿತು. ಯೂಜೆನ್ ಸ್ಯಾಂಡೋ ಎಂಬ ಪ್ರಸಿದ್ಧ ಬಲಶಾಲಿಯು ಮೈಯ ಮಾಂಸಖಂಡಗಳನ್ನು ತೋರಿಸಿಯೇ ಜಗದ್ವಿಖ್ಯಾತನಾದನು. ೧೯೦೫ರ ಸುಮಾರಿನಲ್ಲಿ ಹಿಂದೂಸ್ಥಾನಕ್ಕೂ ಬಂದು ಪ್ರದರ್ಶನಗಳನ್ನು ಕೊಟ್ಟನು. ಕಾಳಗಕ್ಕಾಗಿ ಸಾಧಿಸುತ್ತಿದ್ದ ಬಲವು ನೋಟಕ್ಕಾಗಿ ಸಾಧಿಸುವ ಬಲವಾದಾಗ, ಕಾಳಗವನ್ನೇ ಕಸುಬಾಗಿ ಉಳ್ಳವರಿಗೆ ಅದರಲ್ಲಿ ಸಂಶಯ ಹುಟ್ಟಿದರೆ ಆಶ್ಚರ್ಯವೇನು?

ಆದರೂ ಅದೇ ಕಾಲದಲ್ಲಿ ಎರಡನ್ನೂ ಕೂಡಿಸಿದವನೊಬ್ಬನಿದ್ದನು. ಎಸ್ಟೋನಿಯದ ಜಾರ್ಜ್ ಹ್ಯಾಕನ್‌ಷ್ಮಿಟ್ (೧೮೭೭–೧೯೬೮) ಮೊದಲು ಭಾರವೆತ್ತುವುದರಲ್ಲಿ ದಾಖಲೆಗಳನ್ನು ಸ್ಥಾಪಿಸಿದವನು. ೧೮೯೮ರಲ್ಲಿ ಒಂಟಿ ಕೈಯಿಂದ ಸುಮಾರು ೧೨೨ ಕಿಲೋಗ್ರಾಂ ಭಾರವನ್ನು ತಲೆಯ ಮೇಲಕ್ಕೆ ಎತ್ತಿದನು. ನೆಲದ ಮೇಲೆ ಅಂಗಾತ ಮಲಗಿ ಸುಮಾರು ೧೬೪ ಕಿಲೋಗ್ರಾಂ ಭಾರವನ್ನು ಎದೆಯಿಂದ ಮೇಲಕ್ಕೆ ಒತ್ತಿದನು. ಕುಸ್ತಿಯಲ್ಲಿ ಅವನು ೧೯೦೫ರಲ್ಲಿ ನ್ಯೂಯಾರ್ಕಿನಲ್ಲಿ ಟಾಮ್ ಜೆಂಕಿನ್ಸನನ್ನು ಸೋಲಿಸಿ ಜಗಜ್ಜೆಟ್ಟಿಯೆನಿಸಿದನು. ಬಲವು ಮಲ್ಲನನ್ನು ಕೆಡಿಸುವುದಿಲ್ಲವೆಂಬುದಕ್ಕೆ ಅವನೇ ಸಾಕ್ಷಿ. ಬಲವೊಂದೇ ಸಾಲದೆಂಬುದಕ್ಕೂ ಅವನೇ ಸಾಕ್ಷಿ. ೧೯೦೮ರಲ್ಲಿ ಷಿಕಾಗೊ ನಗರದಲ್ಲಿ ಫ್ರ್ಯಾಂಕ್ ಗಾಚನೊಡನೆ ಎರಡು ಗಂಟೆಗಳ ಕಾಲ ಸೆಣಸಿ, ದಣಿದು, ಪಂದ್ಯವನ್ನು ಬಿಟ್ಟುಕೊಟ್ಟನು. ಗಾಚನು ಮೈಗೆ ಎಣ್ಣೆ ಹಚ್ಚಿ ಅನ್ಯಾಯವಾಗಿ ಕಾದಿದನೆಂಬ ದೂರು ಉಂಟು. ಅದು ಹೇಗೇ ಇರಲಿ, ಎರಡನೆಯ ಗಂಟೆಯಲ್ಲಿ ಬೇಕಾದುದು ಭಾರವನ್ನು ಒಂದು ಸಲ ಎತ್ತುವ ಶಕ್ತಿಯಲ್ಲ, ದಮ್ಮು.

ಆ ದಮ್ಮು ಎಂಥದೆಂಬುದನ್ನು ಎರಡು ವರ್ಷಗಳ ತರುವಾಯ ಲಂಡನ್ ನಗರವು ಕಂಡಿತು. ೧೯೧೦ರಲ್ಲಿ ನಮ್ಮ ಗಾಮಾ ಪೈಲವಾನನು ಅಲ್ಲಿಗೆ ಹೋದನು. ಆಗಸ್ಟ್ ತಿಂಗಳಲ್ಲಿ ಅಮೆರಿಕದ ಬೆಂಜಮಿನ್ ರೋಲರನನ್ನು ಕೆಲವೇ ನಿಮಿಷಗಳಲ್ಲಿ ಕೆಡವಿದನು. ಸೆಪ್ಟೆಂಬರ್ ೧೦ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಬಿಸ್ಕೊನೊಡನೆ ಕಾದಾಟ. ಬಿಸ್ಕೊ ಮಹಾ ಭಾರದ ಆಳು. ಅವನು ಗಾಮಾನ ಪಟ್ಟುಗಳಿಗೆ ಹೆದರಿ ನೆಲಕ್ಕೆ ಅಂಟಿಕೊಂಡು ಮಲಗಿಬಿಟ್ಟನು. ಎರಡೂವರೆ ಗಂಟೆಗೂ ಮಿಗಿಲಾಗಿ ಹೆಣಗಿದರೂ ಪಂದ್ಯ ಇತ್ಯರ್ಥವಾಗಲಿಲ್ಲ. ಮರುವಾರದ ಪಂದ್ಯಕ್ಕೆ ಬಿಸ್ಕೊ ಬರಲಿಲ್ಲ. ೧೯೨೮ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ತು ಮಾಡಿದನು.

ಗಾಮಾ ಕಬ್ಬಿಣವನ್ನು ನೆಚ್ಚಿದವನಲ್ಲ. ದಂಡೆ, ಬಸ್ಕಿ, ಗದೆ, ಮಟ್ಟಿಯ ಅಗೆತ, ಇವೇ ಅವನ ಸಾಧನೆ ಎಂದು ವಸ್ತಾದರ ಪಕ್ಷದವರು ಹೇಳುವುದುಂಟು. ಅದು ನಿಜ. ಆದರೆ ಇವೆಲ್ಲ ಬಲಸಾಧನೆಯಲ್ಲದೆ ಮತ್ತೇನು? ದಂಡೆಯಲ್ಲಿ ಎತ್ತುವುದು ತನ್ನ ಮೈಯ ಭಾರವನ್ನೇ. ಗದೆಯ ತುದಿಯಲ್ಲಿರುವುದು ಕಲ್ಲೇ. ಕಬ್ಬಿಣದ ಬದಲು ಕಲ್ಲು ಮಣ್ಣುಗಳಿಂದ ಪಡೆದ ಮಾತ್ರಕ್ಕೆ ಬಲದ ಜಾತಿ ಬೇರೆಯಾಗುವುದಿಲ್ಲ. ಇನ್ನೊಂದು ಎಚ್ಚರಿಕೆಯ ಮಾತು. ಬರೋಡದ ವಸ್ತುಸಂಗ್ರಹಾಲಯದಲ್ಲಿ ಸುಮಾರು ೧೨೦೦ ಕಿಲೋಗ್ರಾಂ ತೂಗುವುದೆನ್ನಲಾದ ಕಲ್ಲೊಂದಿದೆ. ಅದನ್ನು ೧೯೦೨ರಲ್ಲಿ ಗಾಮಾ ಎತ್ತಿದನೆಂದು ಅದರ ಮೇಲೆ ಬರೆದಿದೆ. ನೆಲದಿಂದ ೫೦೦ ಕಿಲೋಗ್ರಾಂ ಭಾರವನ್ನು ಎತ್ತಿದ ಮೊದಲ ಮನುಷ್ಯನು ಇಂಗ್ಲೆಂಡಿನ ಎಡ್ಡಿ ಹಾಲ್, ಅದೂ ೨೦೧೬ರಲ್ಲಿ. ಕಲ್ಲನ್ನು ಅಲುಗಿಸಿದನೋ, ಒಂದು ಅಂಚನ್ನು ಮೇಲೆತ್ತಿದನೋ ಎಂದು ಚರಿತ್ರಕಾರನು ಕೇಳಲೇಬೇಕಾಗುತ್ತದೆ. ಗಾಮಾನ ಕೀರ್ತಿಗೆ ಆ ಕಲ್ಲಿನ ಆಸರೆ ಬೇಕಿಲ್ಲ.

ಇನ್ನು ಜಪಾನಿಗೆ ಹೋಗೋಣ. ೧೮೮೨ರಲ್ಲಿ ಕಾನೊ ಜಿಗೊರೊ ಅವರು ಜೂಡೊ ವಿದ್ಯೆಯನ್ನು ಸ್ಥಾಪಿಸಿದರು. ಆ ಹೆಸರಿನ ಅರ್ಥವೇ ಮೃದುಮಾರ್ಗ. ಎದುರಾಳಿಯ ಬಲಕ್ಕೆ ಬಲವನ್ನು ಒಡ್ಡದೆ, ಅದನ್ನು ಬಾಗಿ ಬಳಸಿಕೊಳ್ಳುವುದು ಅದರ ತತ್ತ್ವ. ಭಾರವೆತ್ತುವುದು ಅಲ್ಲಿ ಅನೇಕರಿಗೆ ಅಧರ್ಮದಂತೆ ಕಂಡಿದ್ದರೆ ಸೋಜಿಗವಿಲ್ಲ. ಆದರೆ ೧೯೬೧ರಲ್ಲಿ ಪ್ಯಾರಿಸಿನ ಜಾಗತಿಕ ಪಂದ್ಯದಲ್ಲಿ ಹಾಲೆಂಡಿನ ಆಂಟನ್ ಖೇಸಿಂಕ್ ಎಂಬ ಆರೂವರೆ ಅಡಿಯ ಆಳು ಜಪಾನೀಯರನ್ನು ಸೋಲಿಸಿ ಪದವಿಯನ್ನು ಕಸಿದುಕೊಂಡನು. ಅವನು ಭಾರವ್ಯಾಯಾಮವನ್ನು ಬಲ್ಲವನು. ಜೊತೆಗೆ ಜೂಡೊ ವಿದ್ಯೆಯಲ್ಲಿಯೂ ನುರಿತವನು. ಜಪಾನಿನಲ್ಲಿಯೇ ನೆಲೆಸಿದ್ದ ಡಾನ್ ಡ್ರೇಗರ್ ಎಂಬ ಅಮೆರಿಕನ್ನನು ಅಲ್ಲಿನ ತರುಣರಿಗೆ ಭಾರವ್ಯಾಯಾಮವನ್ನು ಹೇಳಿಕೊಟ್ಟನು. ಅವರಲ್ಲಿ ಇನೊಕುಮ ಇಸಾವೊ ಮುಖ್ಯನಾದವನು. ಭಾರೀ ವರ್ಗಕ್ಕೆ ಸಣ್ಣ ಆಳೇ ಆದ ಇನೊಕುಮನು ೧೯೬೪ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತನಗಿಂತ ಬಹಳ ಭಾರವಾದ ಕೆನಡದ ಡಗ್ ರಾಜರ್ಸನನ್ನು ಗೆದ್ದು ಚಿನ್ನದ ಪದಕವನ್ನು ಪಡೆದನು. ಅದೇ ಕೂಟದ ಮುಕ್ತ ವರ್ಗದಲ್ಲಿ ಖೇಸಿಂಕನು ಜಪಾನಿನ ಕಾಮಿನಾಗನನ್ನು ಗೆದ್ದನು. ೧೯೬೬ರಲ್ಲಿ ಡ್ರೇಗರ್ ಇನೊಕುಮರಿಬ್ಬರೂ ಸೇರಿ ಜೂಡೊಗೆ ತಕ್ಕ ಭಾರವ್ಯಾಯಾಮವನ್ನು ಕುರಿತು ಪುಸ್ತಕವನ್ನೇ ಬರೆದರು. ಮೃದುಮಾರ್ಗದವರೂ ಬಲಸಾಧನೆಯನ್ನು ಹೀಗೆ ಒಳಗೆ ಬಿಟ್ಟುಕೊಂಡರು.

ಈಗ ಪವರ್‌ಲಿಫ್ಟಿಂಗ್ ವಿಷಯ. ಒಲಿಂಪಿಕ್ ಭಾರೋತ್ತೋಲನದ ಪಟ್ಟಿಗೆ ಸೇರದೆ, ಆದರೆ ಅದರ ಅಭ್ಯಾಸದಲ್ಲಿ ಬಳಕೆಯಲ್ಲಿದ್ದ ಹಲವು ಬಗೆಯ ಎತ್ತುಗಳಿದ್ದುವು. ಅವುಗಳಲ್ಲಿ ಮೂರನ್ನು ಆರಿಸಿಕೊಂಡು ಈ ಸ್ಪರ್ಧೆಯನ್ನು ಕಟ್ಟಿದರು: ಭಾರವನ್ನು ಹೆಗಲ ಮೇಲಿಟ್ಟುಕೊಂಡು ಬಸ್ಕಿ ಹೊಡೆದು ಏಳುವುದು, ಬೆಂಚಿನ ಮೇಲೆ ಅಂಗಾತ ಮಲಗಿ ಎದೆಯಿಂದ ಒತ್ತುವುದು, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು. ಒಂದೊಂದಕ್ಕೂ ಮೂರು ಸಲ ಅವಕಾಶ. ಮೂವರು ತೀರ್ಪುಗಾರರಲ್ಲಿ ಇಬ್ಬರಾದರೂ ಒಪ್ಪಬೇಕು. ಅಮೆರಿಕದಲ್ಲಿ ೧೯೬೫ರಲ್ಲಿ ಮೊದಲ ಅಧಿಕೃತ ರಾಷ್ಟ್ರೀಯ ಪಂದ್ಯವೂ, ೧೯೭೧ರಲ್ಲಿ ಪೆನ್ಸಿಲ್ವೇನಿಯದ ಯಾರ್ಕ್ ಪಟ್ಟಣದಲ್ಲಿ ಮೊದಲ ಜಾಗತಿಕ ಪಂದ್ಯವೂ ನಡೆದುವು. ೧೯೭೨ರಲ್ಲಿ ಅಂತರರಾಷ್ಟ್ರೀಯ ಸಂಘವು ಹುಟ್ಟಿತು. ೧೯೮೦ರಿಂದ ಸ್ತ್ರೀಯರಿಗೂ ಜಾಗತಿಕ ಪಂದ್ಯವಿದೆ. ಚರಿತ್ರೆಯ ದೃಷ್ಟಿಯಿಂದ ಇದರಲ್ಲಿ ಹೊಸತೇನೆಂದರೆ, ಕಾಳಗವಿಲ್ಲ, ವರಸೆಯಿಲ್ಲ, ಓಟವಿಲ್ಲ; ಬಲವೇ ಇಲ್ಲಿ ಪಂದ್ಯ. ಸೋಮೇಶ್ವರನ ಐದು ಶ್ರಮಗಳಲ್ಲಿ ಒಂದು ತಾನೇ ಬೇರೆ ಮನೆ ಹೂಡಿತು.

ಬೇರೆ ಮನೆ ಹೂಡಿದುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮನೆಯ ಕಟ್ಟಳೆಯೇ ಬೇರೆ ಎಂಬುದನ್ನು ಮಲ್ಲನು ಮರೆಯಬಾರದು. ಇಲ್ಲಿ ವಿಜ್ಞಾನಿಗಳ ಕೆಲವು ಪರಿಶೋಧನೆಗಳನ್ನು ಹೇಳಬೇಕಾಗಿದೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಪೀಟರ್ ಕಾರ್ಪೊವಿಚ್ ಎಂಬ ವಿದ್ವಾಂಸರು ಭಾರವೆತ್ತುವುದರಿಂದ ಮೈ ಜಡವಾಗುತ್ತದೆಂದೇ ನಂಬಿದ್ದವರು. ೧೯೪೦ರಲ್ಲಿ ಅಲ್ಲಿಗೆ ಬಂದಿದ್ದ ಜಾನ್ ಗ್ರಿಮೆಕ್ ಎಂಬ ಬಲಶಾಲಿಯನ್ನು, ನಿನ್ನ ಬೆನ್ನಿನ ನಡುವೆ ನೀನೇ ಕೆರೆದುಕೊಳ್ಳಬಲ್ಲೆಯಾ ಎಂದು ಅವರು ಕೇಳಿದರಂತೆ; ಅವನು ಸಲೀಸಾಗಿ ಕೆರೆದು ತೋರಿಸಿದನಂತೆ. ಹಾಸ್ಯವು ಅಲ್ಲಿಗೆ ಮುಗಿಯಲಿಲ್ಲ. ೧೯೫೧ರಲ್ಲಿ ಜೋರ್ಬಸ್ ಎಂಬುವರೊಡನೆ ಕಾರ್ಪೊವಿಚ್ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಭಾರವೆತ್ತುವ ೩೦೦ ಮಂದಿ, ಎತ್ತದ ೩೦೦ ಮಂದಿ, ಇವರ ತೋಳಿನ ತಿರುಗುವೇಗವನ್ನು ಅಳೆದು ನೋಡಿದಾಗ ಎತ್ತುವವರೇ ಚುರುಕಾಗಿದ್ದರು. ತಮ್ಮ ನಂಬಿಕೆಗೆ ವಿರುದ್ಧವಾದ ಫಲವನ್ನು ತಾವೇ ಅಚ್ಚು ಹಾಕಿಸಿದ ಆ ವಿದ್ವಾಂಸರ ಪ್ರಾಮಾಣಿಕತೆಗೆ ನಾವು ತಲೆಬಾಗಬೇಕು. ವಸ್ತಾದರ ‘ಕಟ್ಟಿಗೆ’ಯ ವಾದಕ್ಕೆ ಇಷ್ಟು ಉತ್ತರ ಸಾಕೆಂದು ತೋರುತ್ತದೆ.

ಆದರೆ ವ್ಯಾಯಾಮಶಾಲೆಯ ಶಿಕ್ಷಕನ ವಾದವೂ ಪೂರ್ತಿಯಾಗಿ ನಿಲ್ಲುವುದಿಲ್ಲ. ೧೯೩೮ರಲ್ಲಿ ಇಂಗ್ಲೆಂಡಿನ ಎ. ವಿ. ಹಿಲ್ ಅವರು ಮಾಂಸಖಂಡದ ಒಂದು ನಿಯಮವನ್ನು ತೋರಿಸಿಕೊಟ್ಟರು. ಅದು ಎಷ್ಟೆಷ್ಟು ವೇಗವಾಗಿ ಸಂಕೋಚಗೊಳ್ಳುವುದೋ ಅಷ್ಟಷ್ಟು ಕಡಿಮೆ ಭಾರವನ್ನು ಎಳೆಯಬಲ್ಲುದು. ಗರಿಷ್ಠ ಭಾರವನ್ನು ಎತ್ತುವಾಗ ಮೈ ಮೆಲ್ಲಮೆಲ್ಲನೆ ಏಳುತ್ತದೆ. ಎದುರಾಳಿಯ ಕಾಲನ್ನು ಕೀಳಲು ಇರುವುದು ಕಣ್ಣೆವೆಯಿಕ್ಕುವಷ್ಟು ಹೊತ್ತು. ಮೊದಲಿನ ಬಲವು ಎರಡನೆಯದಕ್ಕೆ ಒದಗಬೇಕಾದರೆ ಮಟ್ಟಿಯಲ್ಲಿ ವೇಗದ ಅಭ್ಯಾಸವನ್ನು ಮಾಡಲೇಬೇಕು. ೧೯೮೦ರಲ್ಲಿ ಹಿಕ್ಸನ್ ಎಂಬುವರು ಇನ್ನೊಂದು ಪರೀಕ್ಷೆಯನ್ನು ಮಾಡಿದರು. ಬಲಸಾಧನೆಯನ್ನೂ ದಮ್ಮಿನ ಸಾಧನೆಯನ್ನೂ ಹತ್ತು ವಾರ ಒಟ್ಟಿಗೆ ತೀವ್ರವಾಗಿ ಮಾಡಿದವರಲ್ಲಿ, ಸುಮಾರು ಏಳು ವಾರಗಳವರೆಗೆ ಬಲವು ಏರಿ, ಆಮೇಲೆ ನಿಂತು, ಇಳಿಯತೊಡಗಿತು. ಬಲವನ್ನು ಮಾತ್ರ ಸಾಧಿಸಿದವರು ಏರುತ್ತಲೇ ಹೋದರು. ಮೈಯೆಂಬುದು ಒಂದು ಬೊಕ್ಕಸ. ಎರಡು ಖಾತೆಗಳಿಗೆ ಧಾರಾಳವಾಗಿ ವೆಚ್ಚ ಮಾಡಿದರೆ ಎರಡಕ್ಕೂ ಸಾಲದೆ ಬರುತ್ತದೆ.

ಇನ್ನೊಂದು ಅಂಶವು ಕುಸ್ತಿಯವನಿಗೆ ಅನುಕೂಲವಾದುದು. ಭಾರವ್ಯಾಯಾಮದ ಮೊದಲ ಕೆಲವು ವಾರಗಳಲ್ಲಿ ಬಲವು ಹೆಚ್ಚುವುದು ಬಹುಮಟ್ಟಿಗೆ ಮಾಂಸವು ಬೆಳೆದುದರಿಂದಲ್ಲ, ನರಗಳು ಇದ್ದ ಮಾಂಸವನ್ನೇ ಚೆನ್ನಾಗಿ ದುಡಿಸಲು ಕಲಿತುದರಿಂದ ಎಂದು ೧೯೭೯ರಲ್ಲಿ ಮೊರಿಟಾನಿ, ಡಿ ವ್ರೀಸ್ ಎಂಬುವರು ತೋರಿಸಿದರು. ತೂಕದ ವರ್ಗಗಳಲ್ಲಿ ಕಾದುವವನಿಗೆ ತೂಕ ಹೆಚ್ಚದೆ ಬಲ ಹೆಚ್ಚುವುದೆಂದರೆ ಸಣ್ಣ ಲಾಭವಲ್ಲ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಉತ್ತರವು ಹೀಗೆ ತೋರುತ್ತದೆ. ಬಲಸಾಧನೆಯು ಮಲ್ಲನಿಗೆ ಹಿತ. ಹಿಡಿತ, ಕತ್ತು, ಸೊಂಟ, ತೊಡೆ ಇವು ಗಟ್ಟಿಯಾದರೆ ಪಟ್ಟು ನಿಲ್ಲುತ್ತದೆ. ಆದರೆ ಬಲದ ಪಂದ್ಯವು ಬೇರೆ, ಬಲದ ಸಾಧನೆ ಬೇರೆ. ಪಂದ್ಯಕ್ಕಾಗಿ ಎತ್ತುವವನು ಕೊನೆಯ ಐದು ಕಿಲೋಗ್ರಾಮಿಗಾಗಿ ತಿಂಗಳುಗಟ್ಟಲೆ ಶ್ರಮಪಡಬೇಕು. ಆ ಐದು ಕಿಲೋಗ್ರಾಂ ಮಟ್ಟಿಯಲ್ಲಿ ಲೆಕ್ಕಕ್ಕೆ ಬರುವುದು ಅಪರೂಪ. ಮಲ್ಲನು ಆ ತಿಂಗಳುಗಳನ್ನು ಪಟ್ಟಿನ ಅಭ್ಯಾಸದಲ್ಲಿ ಕಳೆಯುವುದು ಲೇಸು. ಬೆಂಗಳೂರಿನ ಕೆ. ವಿ. ಅಯ್ಯರ್ ಅವರನ್ನು ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ನಾವು ಬಲ್ಲೆವು. ಅವರು ತಮ್ಮ ವ್ಯಾಯಾಮಶಾಲೆಯಲ್ಲಿ ಭಾರದ ವ್ಯಾಯಾಮದೊಡನೆ ಸೂರ್ಯನಮಸ್ಕಾರ, ಆಸನಗಳನ್ನೂ ಕಲಿಸಿದರು. ಹೊಸ ವಿದ್ಯೆ ಬಂದ ಮಾತ್ರಕ್ಕೆ ಹಳೆಯದನ್ನು ಹೊರಗೆ ಹಾಕಬೇಕಾಗಿಲ್ಲವೆಂಬ ವಿವೇಕವು ಈ ನಾಡಿನಲ್ಲಿ ಹಿಂದೆಯೇ ಇದ್ದಿತು.

ನನ್ನ ವಿದ್ಯಾರ್ಥಿಗೆ ಪಾಯೆಸನ ಬರಹವನ್ನು ಕನ್ನಡದಲ್ಲಿ ಹೇಳಿ ಕಳುಹಿಸಿದೆನು. ಅವನು ಅದನ್ನು ಗರಡಿಗೆ ಹೋಗಿ ವಸ್ತಾದರಿಗೆ ಹೇಳಿದನಂತೆ. ಅವರು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲ ಕಣೋ, ರಾಯರು ಭಾರ ಎತ್ತಿದ್ದರು, ಸರಿ. ಎತ್ತಿ ಮನೆಗೆ ಹೋದರಾ? ಆಮೇಲೆ ಕುಸ್ತಿಗೆ ಬಂದರಲ್ಲ. ಅದನ್ನ ಮರೀಬೇಡ” ಎಂದರಂತೆ. ಇಷ್ಟು ಪುಸ್ತಕಗಳನ್ನು ಓದಿ ನಾನು ಕಂಡುಕೊಂಡ ಕ್ರಮವನ್ನು ಅವರು ಕೇಳಿದೊಡನೆಯೇ ಹಿಡಿದಿದ್ದರು. ಹುಡುಗನು ಆ ವರ್ಷದ ಪವರ್‌ಲಿಫ್ಟಿಂಗ್ ಸ್ಪರ್ಧೆಯಿಂದ ಹೆಸರನ್ನು ಹಿಂದಕ್ಕೆ ಪಡೆದನು. ಭಾರವೆತ್ತುವುದನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದನು. ಗರಡಿಯ ಮೂಲೆಯಲ್ಲಿದ್ದ ಆ ಗುಂಡುಗಲ್ಲನ್ನು ಈಗ ತೊಳೆದು ಮಟ್ಟಿಯ ಪಕ್ಕಕ್ಕೆ ತಂದಿಟ್ಟಿದ್ದಾರೆ. ಮುಂಜಾನೆ ಮೊದಲು ಅದನ್ನು ಎತ್ತಿ, ಆಮೇಲೆ ಮಣ್ಣಿಗೆ ಇಳಿಯುತ್ತಾರೆಂದು ತಿಳಿದು ನನಗೆ ಸಂತೋಷವಾಯಿತು.